ಸಫಾರಿ ಆಮೇಲೆ, ಮೊದಲು ಕೆರೆ ಏರಿಗೆ ಬನ್ನಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಿಂದ ಬೆಳಗಿನ ಕೆಲಸ ಮುಗಿಸಿ ಬಂದಿರುವ ತಾಯಂದಿರೆ, ಅಣ್ಣತಮ್ಮಂದಿರೆ, ಮೇಷ್ಟ್ರುಗಳೆ, ಮುಂದಿನ ಸಾಲಿನಲ್ಲಿ ಕೂತು ಆಗಲೇ ಕಿಟಕಿಯಾಚೆ ನೋಡುತ್ತಿರುವ ಮಕ್ಕಳೆ,

ಅಧ್ಯಕ್ಷ ಭಾಷಣ ಅಂದರೆ ಊಟಕ್ಕೆ ಅಡ್ಡ ಬರುವ ಭಾಷಣ ಎಂಬುದು ನಾನೂ ಕೆಳಗೆ ಕೂತಿದ್ದಾಗ ಕಲಿತ ಸತ್ಯ. ಅದಕ್ಕೇ ನಾಲ್ಕಾರು ವಿಷಯ ಎತ್ತಿಕೊಳ್ಳುವುದಿಲ್ಲ. ಹೇಳಬೇಕಾದದ್ದು ಇಷ್ಟೇ: ನಮ್ಮ ಕಡೆ ಹಕ್ಕಿ ನೋಡುವ ಪಾಠ ಊರ ಕೆರೆಯ ಏರಿಯ ಮೇಲೆ, ಮನೆಮಂದಿಯೆಲ್ಲ ಸೇರಿ, ಬಿಡುವಿರುವ ತಿಂಗಳುಗಳಲ್ಲೆಲ್ಲ ನಡೆಯಬೇಕು.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ನಮ್ಮ ಸೀಮೆಯ ಹೆಸರು ಹೊರಗೆ ಗೊತ್ತಾಗಿರುವುದು ಕಾಡಿನಿಂದ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಯಿತು, 1988ರಲ್ಲಿ ರಾಷ್ಟ್ರೀಯ ಉದ್ಯಾನ, 1999ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ದೂರದೂರದವರು ಕಬಿನಿ ದಂಡೆಗೆ ಬಂದು ಜೀಪು ಹತ್ತುತ್ತಾರೆ. ಅಂತರಸಂತೆಯ ರಸ್ತೆಯಲ್ಲಿ ನಿಂತ ಹುಡುಗನಿಗೆ ಜೀಪಿನ ನಂಬರು ಬಾಯಿಪಾಠವಾಗಿರುತ್ತದೆ, ಒಳಗೆ ಕೂತು ಗೊತ್ತಿರುವುದಿಲ್ಲ. ಕೂತರೂ ಏನು? ಸಫಾರಿ ಜೀಪು ಹುಲಿಗೆ ನಿಲ್ಲುತ್ತದೆ, ಆನೆಗೆ ನಿಲ್ಲುತ್ತದೆ. ಹಿಂದಿನ ಸೀಟಿನ ಅಜ್ಜಿ ‘ಅಗೋ ಮಂಗಟ್ಟೆ’ ಅಂದರೆ ನಿಲ್ಲುವುದಿಲ್ಲ. ಕೆರೆಗೆ ಟಿಕೆಟ್ಟಿಲ್ಲ. ಅಜ್ಜಿ ಬೇಕಾದಷ್ಟು ಹೊತ್ತು ನಿಲ್ಲಬಹುದು.

ಇನ್ನೊಂದು ಕಾರಣವೂ ಉಂಟು. ಕಾಡಿನ ಹಕ್ಕಿ ನೋಡಬೇಕಾದರೆ ಬೆಳಕು ಹರಿಯುವಾಗಲೇ ಅಲ್ಲಿರಬೇಕು. ಬೆಂಗಳೂರಿನಿಂದ ಬರುವ ತರಬೇತಿಯ ಕರಪತ್ರಗಳಲ್ಲಿ ‘ಬೆಳಿಗ್ಗೆ 6ಕ್ಕೆ ಸೇರಬೇಕು’ ಎಂದಿರುತ್ತದೆ. ಆರು ಗಂಟೆಗೆ ನಮ್ಮ ಹೆಣ್ಣುಮಕ್ಕಳು ಎಲ್ಲಿರುತ್ತಾರೆ? ಕೊಟ್ಟಿಗೆಯಲ್ಲಿ. ಹಾಲು ಕರೆದು, ಡೇರಿಗೆ ಹಾಕಿ, ಮಕ್ಕಳಿಗೆ ತಿಂಡಿ ಕೊಟ್ಟು ಕೈ ತೊಳೆಯುವ ಹೊತ್ತಿಗೆ ಎಂಟು. ಹೀಗಾಗಿ ‘ಕುಟುಂಬಗಳಿಗಾಗಿ’ ಎಂದು ಕರೆದ ಶಿಬಿರಗಳಿಗೆ ಗಂಡಸರೂ ಕ್ಯಾಮೆರಾಗಳೂ ಬರುತ್ತವೆ, ಕುಟುಂಬ ಮನೆಯಲ್ಲಿ ಉಳಿಯುತ್ತದೆ. ನೀರಹಕ್ಕಿಗಳಿಗೆ ಈ ಗಡಿಬಿಡಿ ಇಲ್ಲ. ಬಾತುಕೋಳಿ, ನಾಮದ ಕೋಳಿ, ಗುಳುಮುಳುಕ ಎಂಟಕ್ಕೂ ಅಲ್ಲೇ, ಹತ್ತಕ್ಕೂ ಅಲ್ಲೇ. ಆದ್ದರಿಂದ ನಮ್ಮ ತರಗತಿಗಳ ಹೊತ್ತನ್ನು ಡೇರಿಯ ಹೊತ್ತು ನೋಡಿ ಇಡಿ. ಇದು ಸಣ್ಣ ಮಾತಿನಂತೆ ಕಾಣಬಹುದು. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂಬುದೆಲ್ಲ ತೀರ್ಮಾನವಾಗುವುದು ಇದರಲ್ಲೇ.

ವರ್ಷದ ಲೆಕ್ಕವೂ ಹಾಗೆಯೇ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆ ಹೊಗೆಸೊಪ್ಪಿನ ಬೆಳೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಮುರಿಯುವುದು, ಕಟ್ಟುವುದು, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಸೌದೆ ಒಟ್ಟುತ್ತ ರಾತ್ರಿಯೆಲ್ಲ ಉರಿ ಕಾಯುವುದು. ಆ ದಿನಗಳಲ್ಲಿ ಪಕ್ಷಿವೀಕ್ಷಣೆಗೆ ಬನ್ನಿ ಎಂದು ಕರೆಯುವವನಿಗೆ ಊರು ಗೊತ್ತಿಲ್ಲ ಎಂದೇ ಅರ್ಥ. ನಮ್ಮ ಪುಣ್ಯಕ್ಕೆ ವಲಸೆ ಹಕ್ಕಿಗಳಿಗೆ ಊರು ಗೊತ್ತಿದೆ. ಬ್ಯಾರನ್ನಿನ ಕೆಲಸ ಮುಗಿದು, ಹರಾಜು ಮಾರುಕಟ್ಟೆಗೆ ಬೇಲು ಸಾಗುವ ಹೊತ್ತಿಗೆ ಬಾತುಗಳು ಇಳಿಯಲು ಶುರು, ಮಾರ್ಚಿಗೆ ಹೊರಟುಬಿಡುತ್ತವೆ.

ಈ ಅತಿಥಿಗಳಲ್ಲಿ ಒಂದರ ವಿಚಾರ ಹೇಳಲೇಬೇಕು: ಪಟ್ಟೆತಲೆ ಹೆಬ್ಬಾತು. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಒಮ್ಮೆ ನೋಡಿದರೆ ಮತ್ತೆ ಗೊಂದಲವಿಲ್ಲ. ಮರಿ ಮಾಡುವುದು ಮಂಗೋಲಿಯಾ, ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ. ಹಿಮಾಲಯ ದಾಟಿ ಬಂದು ಕಬಿನಿ ಹಿನ್ನೀರಿನಲ್ಲಿ, ನಂಜನಗೂಡು ಕಡೆಯ ಹದಿನಾರು ಕೆರೆಯಲ್ಲಿ ಚಳಿಗಾಲ ಕಳೆಯುತ್ತವೆ. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ತೊಡಿಸಿದ ಅಂಕಿಯ ಪಟ್ಟಿ ಹೊತ್ತ ಹೆಬ್ಬಾತುಗಳು ನಮ್ಮ ಮೈಸೂರು ಜಿಲ್ಲೆಯ ಕೆರೆಗಳಲ್ಲಿ ಕಂಡಿವೆ. ದಡದಲ್ಲಿ ಕೂತು ಆ ಅಂಕಿ ಓದಿ ತಿಳಿಸಿದವರು ಹವ್ಯಾಸಿಗಳು. 1960ರ ದಶಕದ ಆರಂಭದಲ್ಲಿ ಟಿಬೆಟ್ಟಿನಿಂದ ಬಂದವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ನೆಲೆ ನಿಂತರಲ್ಲ, ಅಲ್ಲಿನ ಶಾಲೆಯ ಮಕ್ಕಳನ್ನು ಒಮ್ಮೆ ಈ ಹಕ್ಕಿ ತೋರಿಸಲು ಕರೆದೊಯ್ಯಿರಿ. ಅಜ್ಜ ಬಿಟ್ಟುಬಂದ ಊರಿಗೆ ವರ್ಷಕ್ಕೊಮ್ಮೆ ಹೋಗಿಬರುವ ಹಕ್ಕಿಯನ್ನು ಆ ಮಗು ಹೇಗೆ ನೋಡುತ್ತದೋ, ಅದನ್ನು ಯಾವ ಮೇಷ್ಟ್ರೂ ಹೇಳಿಕೊಡಲಾರರು.

ಇನ್ನು ತರಗತಿಯ ವಿಷಯ. ಮೊದಲ ದಿನವೇ ದಪ್ಪ ಪುಸ್ತಕ ಬಿಚ್ಚಬೇಡಿ. ಗುಬ್ಬಿ, ಗೊರವಂಕ, ಕಾಗೆ, ಹದ್ದು ಈ ನಾಲ್ಕನ್ನು ಅಳತೆಗೋಲಾಗಿ ಹಿಡಿಯಿರಿ. ಕಂಡ ಹಕ್ಕಿ ಗುಬ್ಬಿಗಿಂತ ಸಣ್ಣದೋ, ಗೊರವಂಕದಷ್ಟೋ, ಕಾಗೆಗಿಂತ ದೊಡ್ಡದೋ? ಕೊಕ್ಕು ಹೇಗಿದೆ, ಬಾಲ ಕುಣಿಸುತ್ತದೋ, ನಡೆಯುತ್ತದೋ ಕುಪ್ಪಳಿಸುತ್ತದೋ? ಹೆಸರು ಆಮೇಲೆ. ದುರ್ಬೀನು ಮೂರು ಮನೆಗೆ ಒಂದಿದ್ದರೆ ಧಾರಾಳವಾಯಿತು. 8×42 ಎಂದು ಬರೆದಿರುವುದು ಸಾಕು: ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರು. ಮಕ್ಕಳು ದುರ್ಬೀನನ್ನು ಕಣ್ಣಿಗಿಟ್ಟುಕೊಂಡು ಹಕ್ಕಿ ಹುಡುಕುತ್ತಾರೆ, ಸಿಗುವುದೇ ಇಲ್ಲ. ಹಕ್ಕಿಯ ಮೇಲೆ ನೆಟ್ಟ ಕಣ್ಣು ಕದಲದ ಹಾಗೆ ದುರ್ಬೀನನ್ನು ಮೇಲಕ್ಕೆ ತರುವುದನ್ನು ಕಲಿಸಿ. ಹತ್ತು ಸಲ ಮಾಡಿದರೆ ಕೈಗೆ ಬರುತ್ತದೆ.

ಹೊಸಬರಿಗೆ ಮೊದಲು ತೋರಿಸಬೇಕಾದ ಹಕ್ಕಿ ಯಾವುದು ಎಂದು ಕೇಳಿದರೆ ನನ್ನ ಮತ ಕೊಳದ ಬಕಕ್ಕೆ. ಕೆಸರಿನ ಬಣ್ಣದ ಬೆನ್ನು, ಗೀಟು ಗೀಟು ಕತ್ತು, ಕೋಡಿಯ ಪಕ್ಕದಲ್ಲಿ ಅಲುಗದೆ ಕೂತಿರುತ್ತದೆ. ಮಗು ‘ಎಲ್ಲಿ, ಎಲ್ಲಿ’ ಅನ್ನುತ್ತಲೇ ಇರುತ್ತದೆ. ಯಾರೋ ಒಂದು ಹೆಜ್ಜೆ ಮುಂದಿಟ್ಟರೋ ಇಲ್ಲವೋ, ಅಚ್ಚ ಬಿಳಿಯ ರೆಕ್ಕೆ ಬಿಚ್ಚಿ ಹಾರುತ್ತದೆ. ಕಂದು ಹಕ್ಕಿ ಎಲ್ಲಿ ಹೋಯಿತು ಎಂದು ಮಗು ಕೆಸರನ್ನೇ ನೋಡುತ್ತ ನಿಲ್ಲುತ್ತದೆ. ಮೊದಲ ಪಾಠಕ್ಕೆ ಅಪರೂಪದ ಹಕ್ಕಿ ಬೇಕಾಗಿಲ್ಲ.

ಅಮ್ಮಂದಿರಿಗೆ ದೇವನಕ್ಕಿಯನ್ನು ತೋರಿಸಿ. ಉದ್ದುದ್ದ ಬೆರಳು ಚಾಚಿ ತಾವರೆ ಎಲೆಯ ಮೇಲೆ, ಜೊಂಡಿನ ಮೇಲೆ ನಡೆಯುತ್ತದೆ. ಹೆಣ್ಣು ಮೊಟ್ಟೆ ಇಟ್ಟು ಇನ್ನೊಂದು ಗಂಡನ್ನು ಹುಡುಕಿ ಹೊರಡುತ್ತದೆ; ಕಾವು ಕೊಡುವುದು, ಮರಿ ಕಾಯುವುದು ಎಲ್ಲ ಗಂಡಿನ ಪಾಲು. ಇದನ್ನು ಹೇಳಿದ ಮೇಲೆ ಏರಿಯ ಮೇಲೆ ಏಳುವ ನಗುವಿಗೆ ಅರ್ಧ ಹಕ್ಕಿ ಹಾರಿಹೋದರೂ ಚಿಂತೆಯಿಲ್ಲ.

ಕೃಷ್ಣರಾಜನಗರದವರು ಕೆರೆಯನ್ನೂ ಹುಡುಕಬೇಕಾಗಿಲ್ಲ. ಚುಂಚನಕಟ್ಟೆಯ ನಾಲೆಯ ನೀರು ಹರಿಯುವ ಗದ್ದೆಯೇ ಸಾಕು. ನಾಟಿಯಾದ ಗದ್ದೆಗೆ ಬಾಯ್ಕಳಕ ಕೊಕ್ಕರೆ ಇಳಿಯುತ್ತದೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಉಳಿಯುತ್ತದೆ, ಅದಕ್ಕೇ ಆ ಹೆಸರು. ಎಳೆಯ ಮರಿಗೆ ಈ ಸಂದು ಇರುವುದಿಲ್ಲ, ಬೆಳೆಯುತ್ತ ಬರುತ್ತದೆ. ಅಡಕತ್ತರಿಯ ಹಾಗೆ ಬಸವನಹುಳುವಿನ ಚಿಪ್ಪು ಒಡೆಯುತ್ತದೆ ಎಂದು ಬಹಳ ಜನ ನಂಬಿದ್ದರು. ಬದುವಿನ ಮೇಲೆ ಬಿದ್ದ ಖಾಲಿ ಚಿಪ್ಪುಗಳನ್ನು ಮಕ್ಕಳ ಕೈಲಿ ಆರಿಸಿ ನೋಡಿ: ಎಷ್ಟೋ ಚಿಪ್ಪುಗಳು ಇಡಿಯಾಗಿರುತ್ತವೆ. ಕೊಕ್ಕಿನ ಚೂಪು ತುದಿಯನ್ನು ಒಳಗೆ ತೂರಿಸಿ, ಹುಳು ಚಿಪ್ಪಿಗೆ ಅಂಟಿಕೊಂಡ ಕಡೆ ಕತ್ತರಿಸಿ ಎಳೆದುಕೊಳ್ಳುತ್ತದೆ.

ಇಷ್ಟೆಲ್ಲ ನೋಡಿ ಬರೆದಿಡುವುದು ಯಾತಕ್ಕೆ? 1939-40ರಲ್ಲಿ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುವ ಹಕ್ಕಿಗಳನ್ನು ಕಂಡು ಅರಸರಿಗೆ ಹೇಳಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಅದು ದೊಡ್ಡವರ ಕೆಲಸ ಅನ್ನುವಿರಾ? ಬೆಂಗಳೂರಿನ ಹವ್ಯಾಸಿಗಳು 1970ರ ದಶಕದಿಂದ ತಿಂಗಳ ಎರಡನೇ ಭಾನುವಾರ ಲಾಲ್‌ಬಾಗಿನಲ್ಲಿ ಸೇರುತ್ತ ಬಂದಿದ್ದಾರೆ. ಯಾರು ಬೇಕಾದರೂ ಹೋಗಬಹುದು. ನಮ್ಮ ಮೈಸೂರಿನ ಹವ್ಯಾಸಿಗಳು 2014ರಿಂದ 2016ರವರೆಗೆ ನಗರವನ್ನು ಚೌಕಗಳಾಗಿ ಹಂಚಿಕೊಂಡು, ಬೀದಿ ಬೀದಿ ನಡೆದು, ಊರಿನ ಹಕ್ಕಿಗಳ ನಕ್ಷೆಯನ್ನೇ ಮಾಡಿದರು. ಕೋಟೆಯವರಿಗೆ ಬಾವಲಿ ದಾಟಿದರೆ ವಯನಾಡು. ಅದೂ ಸೇರಿದಂತೆ ಇಡೀ ಕೇರಳದ ಹಕ್ಕಿ ನಕ್ಷೆಯನ್ನು 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸಿದ್ಧಪಡಿಸಿದರು. ಹಕ್ಕಿ ಗಡಿ ನೋಡುವುದಿಲ್ಲ, ನಕ್ಷೆ ಮಾತ್ರ ಗಡಿಯಲ್ಲಿ ನಿಲ್ಲುತ್ತದೆ. ನಮ್ಮ ಭಾಗದ ನಕ್ಷೆಯನ್ನು ನಾವೇ ಮಾಡಬೇಕು.

ಹೀಗೆ ಬರೆದಿಟ್ಟ ಹಕ್ಕಿಪಟ್ಟಿಯಿಂದ ಊರಿಗೇ ಆಗುವ ಉಪಯೋಗವೊಂದಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರ ಪ್ರಾಣಿಪಕ್ಷಿಗಳ ದಾಖಲಾತಿ ಪುಸ್ತಕ ಇರಬೇಕು. ನಿಮ್ಮ ಮನೆಯ ಪಟ್ಟಿ ಆ ಪುಸ್ತಕ ಸೇರಲಿ. ನಾಳೆ ಕೆರೆ ಹೂಳೆತ್ತಲು ಜೆಸಿಬಿ ಬರುತ್ತದೆ. ಬರಲಿ, ಹೂಳೆತ್ತಬೇಕಾದದ್ದೇ. ಆದರೆ ಸುತ್ತಲೂ ಬಾವಿಯಂತೆ ನೇರಕ್ಕೆ ಕಡಿದುಬಿಟ್ಟರೆ ಪಾದ ಮುಳುಗುವಷ್ಟೇ ನೀರಿನಲ್ಲಿ ಮೇಯುವ ಹಕ್ಕಿಗಳಿಗೆ ಜಾಗವೇ ಉಳಿಯುವುದಿಲ್ಲ. ಒಂದು ಮಗ್ಗುಲು ಇಳಿಜಾರಾಗಿ ಬಿಡಿ ಎಂದು ಗ್ರಾಮಸಭೆಯಲ್ಲಿ ಕೇಳಬೇಕು. ಬರಿಗೈಲಿ ಕೇಳಿದರೆ ‘ಹಕ್ಕಿಗೋಸ್ಕರ ಕೆರೆಯೇ?’ ಎಂದು ನಗುತ್ತಾರೆ. ಮೂರು ವರ್ಷದ ಪಟ್ಟಿ ಹಿಡಿದು, ಅದನ್ನು ಬರೆದ ಏಳನೇ ತರಗತಿಯ ಹುಡುಗಿಯನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೇಳಿ.

ಮೊಬೈಲಿನ ಮಾತು. ಹಕ್ಕಿಪಟ್ಟಿಗಳ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕಿ, ಒಳ್ಳೆಯದು. ಫೆಬ್ರವರಿಯ ನಾಲ್ಕು ದಿನದ ಹಕ್ಕಿ ಗಣತಿಯಲ್ಲಿ ಸೇರಿಕೊಳ್ಳಿ. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್ ಆ್ಯಪ್ ಮಾತ್ರ ತರಗತಿಯ ಕೊನೆಗೆ ಇರಲಿ. ಅದು ಎಡವುತ್ತದೆ ಎಂಬುದು ಹಾಗಿರಲಿ, ಎಡವದಿದ್ದಾಗಲೇ ಹೆಚ್ಚು ಅಪಾಯ, ಮಗುವಿನ ಕಿವಿ ಸೋಮಾರಿಯಾಗುತ್ತದೆ. ಇನ್ನು ಗೂಡಿನ ಫೋಟೊ. ಮರೆಯಾಗಿರುವ ರೆಂಬೆ ಸರಿಸಿ ಫೋಟೊ ತೆಗೆದು ಹೋದವನ ಹಿಂದೆಯೇ ಕಾಗೆ ಬರುತ್ತದೆ. ಕೂಗನ್ನು ಧ್ವನಿಮುದ್ರಿಸಿ ನುಡಿಸಿ ಹಕ್ಕಿಯನ್ನು ಹೊರಗೆಳೆಯುವುದೂ ಇದೇ ಜಾತಿಯ ಕೆಲಸ. ನಮ್ಮ ನಡಿಗೆಗಳಲ್ಲಿ ಇವೆರಡೂ ಬೇಡ. ಇದರಲ್ಲಿ ನಾನು ಯಾರ ದಾಕ್ಷಿಣ್ಯಕ್ಕೂ ಒಳಗಾಗುವವನಲ್ಲ.

ಪಾಠ ಹೇಳುವವರು ಯಾರು ಎಂಬ ಪ್ರಶ್ನೆ ಬೆಳಗ್ಗೆಯಿಂದ ಓಡಾಡುತ್ತಿದೆ. ಕೋಟೆ, ಹುಣಸೂರಿನ ಹಾಡಿಗಳಲ್ಲಿರುವ ಜೇನುಕುರುಬ, ಕಾಡುಕುರುಬ ಹಿರಿಯರನ್ನು ಕರೆಯಿರಿ. ಸನ್ಮಾನಕ್ಕೆ ಶಾಲು ಹೊದಿಸಿ ಕಳಿಸಬೇಡಿ. ಬೆಂಗಳೂರಿನ ಸಂಪನ್ಮೂಲ ವ್ಯಕ್ತಿಗೆ ಕೊಡುವ ಗೌರವಧನವನ್ನೇ ಕೊಡಿ, ಬಸ್ ಚಾರ್ಜು ಬೇರೆ. ದನ ಕಾಯುವವರು, ಮೀನು ಹಿಡಿಯುವವರು, ಗದ್ದೆಗೆ ನೀರು ಕಟ್ಟುವವರು ದಿನವೂ ನೋಡುತ್ತಿರುವುದನ್ನು ನಾವು ತಿಂಗಳಿಗೊಮ್ಮೆ ನೋಡಲು ಹೋಗುತ್ತಿದ್ದೇವೆ ಎಂಬುದು ನೆನಪಿರಲಿ.

ಕೆಲಸದ ಮಾತಿಗೆ ಬರುತ್ತೇನೆ. ಮುಂದಿನ ಜನವರಿಯ ಚುಂಚನಕಟ್ಟೆ ಜಾತ್ರೆಯಲ್ಲಿ, ದನಗಳ ಸಾಲಿನ ಆಚೆ, ಹೊಳೆಯ ಕಡೆಗೆ ಮುಖ ಮಾಡಿ ಒಂದು ಮೇಜು, ಸ್ಟ್ಯಾಂಡಿನ ಮೇಲೊಂದು ದೂರದರ್ಶಕ ಇಡೋಣ. ಎತ್ತು ಕೊಳ್ಳಲು ಬಂದವನು ಒಂದು ನೀರುಕಾಗೆ ನೋಡಿಕೊಂಡು ಹೋಗಲಿ. ಪ್ರತಿ ತಾಲ್ಲೂಕಿಗೆ ಒಂದು ಕೆರೆ, ಒಂದು ಭಾನುವಾರ ಎಂದು ಊಟಕ್ಕೆ ಏಳುವ ಮುಂಚೆ ಗೊತ್ತುಮಾಡಿಕೊಳ್ಳಿ. ಸರಗೂರು, ಸಾಲಿಗ್ರಾಮದವರೆ, ಈಗ ನಿಮ್ಮದೇ ತಾಲ್ಲೂಕಿದೆ, ನಿಮ್ಮ ಕೆರೆಯನ್ನು ನೀವೇ ಆರಿಸಿಕೊಳ್ಳಿ.

ನಾಳಿನ ನಡಿಗೆ ಬಿಳಿಕೆರೆಯಲ್ಲಿ, ಎಂಟೂವರೆಗೆ, ಡೇರಿ ಮುಗಿದ ಮೇಲೆ. ಹಾಸನದ ದಾರಿ ಕವಲೊಡೆಯುವಲ್ಲಿ ಇಳಿದರೆ ಯಾರಾದರೂ ಕರೆದೊಯ್ಯುತ್ತಾರೆ. ಕೋಟೆಯವರಿಗೆ ಸ್ವಲ್ಪ ಸುತ್ತು, ಕ್ಷಮೆಯಿರಲಿ. ಟೋಪಿ, ನೀರು, ಒಂದು ನೋಟುಬುಕ್ಕು ಸಾಕು. ಕೆಂಪು ಅಂಗಿ ಬೇಡ, ಬಲೂನ್ ಬೇಡ. ಸಣ್ಣ ಮಕ್ಕಳನ್ನು ಏರಿಯ ನೀರಿನ ಮಗ್ಗುಲಿಗೆ ಬಿಡಬೇಡಿ, ತೂಬಿನ ಹತ್ತಿರವಂತೂ ಬೇಡವೇ ಬೇಡ. ಅಜ್ಜಿಯನ್ನು ಕರೆತನ್ನಿ, ಕೂರಲು ಕುರ್ಚಿ ಹಾಕಿಸಿದ್ದೇವೆ.