ನಿಮ್ಮ ಹೆಸರೇನಮ್ಮಾ?



ಇವತ್ತು ಓಟಿನ ವಿಷಯ ಮಾತಾಡೋಣ.

ಬ್ರಿಟಿಷರ ಕಾಲದಲ್ಲಿ ಎಲ್ಲರಿಗೂ ಓಟು ಇರಲಿಲ್ಲ. ಆಸ್ತಿ ಇದ್ದವರಿಗೆ, ಕಂದಾಯ ಕಟ್ಟುವವರಿಗೆ, ಓದಿದವರಿಗೇ ಹೆಚ್ಚಾಗಿ ಇತ್ತು. 1950ರಲ್ಲಿ ನಮ್ಮ ಸಂವಿಧಾನ ಬಂತು. ಧಣಿಗೂ ಒಂದೇ ಓಟು, ಆಳಿಗೂ ಒಂದೇ ಓಟು ಎಂದಿತು. ಜಾತಿ, ಭಾಷೆ, ಗಂಡು, ಹೆಣ್ಣು ಎಂಬ ಭೇದವಿಲ್ಲ. ವಯಸ್ಸು 21 ಆಗಿದ್ದರೆ ಸಾಕು.

1951-52ರಲ್ಲಿ ಮೊದಲ ಮಹಾಚುನಾವಣೆ ನಡೆಯಿತು. ಮತದಾರರು 17 ಕೋಟಿಗೂ ಹೆಚ್ಚು. ಬಹಳ ಜನಕ್ಕೆ ಓದು ಬರುತ್ತಿರಲಿಲ್ಲ. ಅದಕ್ಕೇ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇಟ್ಟರು. ಪೆಟ್ಟಿಗೆಯ ಮೇಲೆ ಚಿಹ್ನೆ ಅಂಟಿಸಿದರು.

ಓದು ಬಾರದಿದ್ದರೂ ಓಟು ಹಾಕಬಹುದಿತ್ತು. ಆದರೆ ಹೆಸರು ಹೇಳದಿದ್ದರೆ?

ಪಟ್ಟಿ ಬರೆಯುವವರು ಮನೆಮನೆಗೆ ಬಂದು ಹೆಸರು ಕೇಳಿದರು. ಬಿಹಾರ, ರಾಜಸ್ಥಾನದಂಥ ಕಡೆ ಎಷ್ಟೋ ಹೆಂಗಸರು ಹೇಳಲಿಲ್ಲ. ಪರ ಗಂಡಸಿಗೆ ಹೆಸರು ಹೇಳಬಾರದು ಎಂಬ ರೂಢಿ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದೇ ಬರೆಸಿದರು. ಸುಕುಮಾರ್ ಸೇನ್ ಆಗ ಮುಖ್ಯ ಚುನಾವಣಾ ಆಯುಕ್ತರು. ಸ್ವಂತ ಹೆಸರೇ ಬೇಕು ಎಂದರು. ಕೊನೆಗೆ ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಬಿಟ್ಟುಹೋದರು. ಹಕ್ಕು ಇತ್ತು, ಓಟು ಹಾಕುವ ಹಾಗಿರಲಿಲ್ಲ.

ಈಗ 18 ತುಂಬಿದರೆ ಓಟು ಉಂಟು. ಕರ್ನಾಟಕದ ಗ್ರಾಮ ಪಂಚಾಯ್ತಿಯಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೇ. ಆದರೆ ಪಟ್ಟಿಯಲ್ಲಿ ಹೆಸರು ಇದ್ದರೆ ತಾನೇ? ಮದುವೆಯಾಗಿ ಬಂದವಳ ಹೆಸರು ತವರಿನ ಪಟ್ಟಿಯಲ್ಲೇ ಉಳಿದಿರಬಹುದು. ಹೆಸರು ತಪ್ಪಾಗಿ ಅಚ್ಚಾಗಿರಬಹುದು.

ಮತದಾರರ ಪಟ್ಟಿ ಬಂದಾಗ ಹೋಗಿ ನೋಡಿ. ಬೇರೆಯವರ ಕೈಲಿ ಓದಿಸಬೇಡಿ. ನಿಮ್ಮ ಹೆಸರಿನ ಮೇಲೆ ಬೆರಳಿಟ್ಟು ನೀವೇ ಓದಿ. ಇಲ್ಲದಿದ್ದರೆ ಅರ್ಜಿ ಕೊಡಿ. ಅರ್ಜಿಗೆ ನೀವೇ ಸಹಿ ಹಾಕಿ.