ಹೊಗೆಗೊಳವೆಯೊಳಗಿನ ಜೇನುಗೂಡು

(ರಾಯಬಾಗ ತಾಲ್ಲೂಕಿನ ಪಾಲಬಾವಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಲಿಖಿತ ರೂಪ)



ಕಬ್ಬಿನ ಸೀಮೆಯ ಊರಿನಲ್ಲಿ ನಿಂತು ಕಾರಿನ ಬಿಡಿಭಾಗವೊಂದನ್ನು ಕುರಿತು ಮಾತನಾಡುವುದೇಕೆ, ಆ ಮಾತನ್ನು ಮಲೆನಾಡಿನ ಓದುಗರ ಮುಂದಿಡುವುದೇಕೆ ಎಂಬ ಪ್ರಶ್ನೆ ಸಹಜವಾದುದು. ಕೃಷ್ಣೆ, ಘಟಪ್ರಭೆಯರು ಹುಟ್ಟುವುದು ಸಹ್ಯಾದ್ರಿಯಲ್ಲಿ, ಹೊಲ ತಣಿಸುವುದು ಬಯಲಿನಲ್ಲಿ. ಬೆಟ್ಟದ ಒಳಿತು ಕೆಡುಕುಗಳೆರಡೂ ಬಯಲಿಗೆ ಇಳಿಯುತ್ತವೆ. ಗಾಳಿಗಂತೂ ಇಳಿಯುವುದು ಏರುವುದು ಎಂಬ ಭೇದವೇ ಇಲ್ಲ. ಅದು ತಾಲ್ಲೂಕಿನ ಗಡಿಯನ್ನೂ ರಾಜ್ಯದ ಗಡಿಯನ್ನೂ ಅರಿಯದು.

ಇಂದು ಬೆಟ್ಟದ ಊರಿಗೂ ಬಯಲಿನ ಊರಿಗೂ ಹಳೆಯ ಕಾರುಗಳು ಬರುತ್ತಿವೆ. ಪೇಟೆಯಲ್ಲಿ ಹತ್ತು ವರ್ಷ ದುಡಿದು ದಣಿದ ಕಾರು ಹಳ್ಳಿಯಲ್ಲಿ ಎರಡನೆಯ ಬಾಳನ್ನು ಆರಂಭಿಸುತ್ತದೆ. ಪೆಟ್ರೋಲ್ ಕಾರಿನ ಹೊಗೆಗೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಕೈಕೊಡುವುದು ಬಹುಮಟ್ಟಿಗೆ ಈ ಎರಡನೆಯ ಬಾಳಿನಲ್ಲಿಯೇ. ಆಗ ಮಾಲೀಕನ ಮುಂದೆ ಎರಡು ದಾರಿಗಳು ತೆರೆದುಕೊಳ್ಳುತ್ತವೆ: ದುಬಾರಿ ಬೆಲೆ ತೆತ್ತು ಹೊಸದನ್ನು ಕೂಡಿಸುವುದು; ಇಲ್ಲವೇ ಕೆಲವು ನೂರು ರೂಪಾಯಿಗಳಲ್ಲಿ ಅದನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಖಾಲಿ ಕೊಳವೆಯನ್ನು ಬೆಸುಗೆ ಹಾಕಿಸುವುದು. ಎರಡನೆಯ ದಾರಿಯಲ್ಲಿ ಉಳಿಯುವ ಹಣವನ್ನು ಕಟ್ಟುವವರು ಯಾರು ಎಂಬುದೇ ಇಲ್ಲಿಯ ವಿಚಾರ.

ಎಲೆಯ ಮೇಲಿನ ಚುಕ್ಕೆಗಳು

ಈ ಉಪಕರಣದ ಕಥೆಗೆ ಹೊಲದೊಡನೆ ಹಳೆಯ ನಂಟಿದೆ. 1944ರ ಸುಮಾರಿಗೆ ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಸೊಪ್ಪು ತರಕಾರಿಗಳ ಎಲೆಗಳು ಬೆಳ್ಳಿಯಂತೆ ಹೊಳೆದು ಒಣಗತೊಡಗಿದವು. ಅದು ಯಾವ ಕೀಟದ ಬಾಧೆಯೂ ಆಗಿರಲಿಲ್ಲ, ಪರಿಚಿತ ರೋಗವೂ ಆಗಿರಲಿಲ್ಲ. ಅಲ್ಲಿಯವರೆಗೆ ಅನಾನಸಿನ ಪರಿಮಳವನ್ನು ಅಭ್ಯಸಿಸುತ್ತಿದ್ದ ಹಾಗೆನ್-ಸ್ಮಿಟ್ ಎಂಬ ರಸಾಯನ ವಿಜ್ಞಾನಿ 1950ರ ದಶಕದ ಆರಂಭದಲ್ಲಿ ಇದರ ಗುಟ್ಟನ್ನು ಬಿಡಿಸಿದರು. ಸರಿಯಾಗಿ ಉರಿಯದ ಪೆಟ್ರೋಲಿನ ಆವಿ ಹಾಗೂ ನೈಟ್ರೋಜನ್ ಆಕ್ಸೈಡುಗಳು ಬಿಸಿಲಿನಲ್ಲಿ ಕೂಡಿದಾಗ ಓಝೋನ್ ಮೊದಲಾದ ಉಗ್ರ ಅನಿಲಗಳು ಹುಟ್ಟುತ್ತವೆ. ಮೇಲಿನ ಆಕಾಶದಲ್ಲಿ ಭೂಮಿಗೆ ಕೊಡೆಯಂತಿರುವ ಓಝೋನ್, ನೆಲಮಟ್ಟದಲ್ಲಿ ಎಲೆಗೂ ಶ್ವಾಸಕೋಶಕ್ಕೂ ವಿಷ. ಪತ್ರರಂಧ್ರಗಳ ಮೂಲಕ ಒಳಹೊಕ್ಕು ಅದು ಜೀವಕೋಶಗಳನ್ನು ಸುಡುತ್ತದೆ.

ದ್ರಾಕ್ಷಿ ಎಲೆಯ ಮೇಲ್ಮೈಯಲ್ಲಿ ಮೂಡುವ ಕಂದು ಚುಕ್ಕೆಗಳಿಗೆ ಓಝೋನ್ ಕಾರಣವೆಂದು ವಿಜ್ಞಾನಿಗಳು ತೋರಿಸಿದ್ದು 1958ರಲ್ಲಿ. ಮರುವರ್ಷವೇ ತಂಬಾಕಿನ ಎಲೆಯ ಚುಕ್ಕೆಗಳ ಮೂಲವೂ ಅದೇ ಎಂದು ತಿಳಿಯಿತು. ಸೋಯಾ, ಗೋಧಿ, ಹುರುಳಿಕಾಯಿ ಬೆಳೆಗಳೂ ಓಝೋನಿಗೆ ಬೇಗ ಸೋಲುತ್ತವೆ. ಅಥಣಿಯ ದ್ರಾಕ್ಷಿ, ನಿಪ್ಪಾಣಿಯ ತಂಬಾಕು, ಚಿಕ್ಕೋಡಿಯ ಸೋಯಾ ಎಂದು ಹೆಸರು ಹೇಳುತ್ತ ಹೋದರೆ ಈ ಸೀಮೆಗೂ ಆ ಚುಕ್ಕೆಗಳಿಗೂ ಸಂಬಂಧ ಬರಬಾರದೆಂದು ಏಕೆ ಎಚ್ಚರ ವಹಿಸಬೇಕೆಂಬುದು ತಾನಾಗಿ ಹೊಳೆಯುತ್ತದೆ. ಓಝೋನ್ ಹುಟ್ಟಲು ಹೊತ್ತು ಬೇಕು. ಹೊಗೆ ಹೊರಬಿದ್ದ ಪೇಟೆಗಿಂತ ಗಾಳಿ ಸಾಗಿದ ದಿಕ್ಕಿನ ಹೊಲಗಳಲ್ಲಿ ಅದರ ಪ್ರಮಾಣ ಹೆಚ್ಚಿರುವುದುಂಟು.

ಜೇನುಗೂಡಿನ ಕೆಲಸ

ಹೊರಗಿನಿಂದ ನೋಡಿದರೆ ಪರಿವರ್ತಕವು ಉಕ್ಕಿನ ಒಂದು ಡಬ್ಬಿ. ಒಳಗೆ ಪಿಂಗಾಣಿಯ ಜೇನುಗೂಡು. ಒಂದು ಚದರ ಇಂಚಿನಲ್ಲಿ ಸಾಮಾನ್ಯವಾಗಿ 400ರಿಂದ 600 ಕಿರುದಾರಿಗಳು. ಅವುಗಳ ಗೋಡೆಗೆ ಅಲ್ಯೂಮಿನಾದ ಒರಟು ಲೇಪ, ಆ ಲೇಪದಲ್ಲಿ ಹರಡಿದ ಪ್ಲಾಟಿನಂ, ಪಲ್ಲೇಡಿಯಂ ಮತ್ತು ರೋಡಿಯಂ ಲೋಹಗಳ ಕಣಗಳು. ಮೂರೂ ಸೇರಿ ಕೆಲವೇ ಗ್ರಾಂ. ಇವು ಕ್ರಿಯಾವರ್ಧಕಗಳು, ತಾವು ವ್ಯಯವಾಗದೆ ಕ್ರಿಯೆಯನ್ನು ತ್ವರಿತಗೊಳಿಸುತ್ತವೆ. ಕಾರ್ಬನ್ ಮಾನಾಕ್ಸೈಡು ಕಾರ್ಬನ್ ಡೈಆಕ್ಸೈಡಾಗುತ್ತದೆ, ಉರಿಯದ ಇಂಧನದ ಆವಿ ನೀರು ಹಾಗೂ ಕಾರ್ಬನ್ ಡೈಆಕ್ಸೈಡಾಗುತ್ತದೆ, ನೈಟ್ರೋಜನ್ ಆಕ್ಸೈಡುಗಳು ಒಡೆದು ನಿರಪಾಯಕಾರಿ ನೈಟ್ರೋಜನ್ ಆಗುತ್ತವೆ. ಸುಸ್ಥಿತಿಯಲ್ಲಿದ್ದು ಚೆನ್ನಾಗಿ ಕಾದ ಪರಿವರ್ತಕವು ಈ ಮೂರು ವಿಷಗಳಲ್ಲಿ ಶೇ. 90ಕ್ಕಿಂತ ಹೆಚ್ಚಿನ ಪಾಲನ್ನು ಕಳೆಯಬಲ್ಲದು.

ಇದಕ್ಕೆ ಎರಡು ಷರತ್ತುಗಳಿವೆ. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಶಾಖ ಬಾರದೆ ಅದು ಕೆಲಸ ತೊಡಗದು. ಗಾಳಿ ಮತ್ತು ಪೆಟ್ರೋಲಿನ ತೂಕದ ಪ್ರಮಾಣವೂ 14.7ಕ್ಕೆ 1ರ ಆಸುಪಾಸಿನಲ್ಲಿರಬೇಕು. ಎಥೆನಾಲ್ ಬೆರೆತಷ್ಟೂ ಈ ಅಂಕಿ ತುಸು ಇಳಿಯುತ್ತದೆ. ಆ ತೂಕ ಕಾಯುವುದಕ್ಕೆ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಇದೆ. ಪರಿವರ್ತಕದ ಹಿಂದೆ ಇರುವ ಎರಡನೆಯ ಸೆನ್ಸರ್, ಕೆಲಸ ಸರಿಯಾಗಿ ನಡೆದಿದೆಯೇ ಎಂದು ನೋಡಿ ಕಂಪ್ಯೂಟರಿಗೆ ವರದಿ ಒಪ್ಪಿಸುತ್ತದೆ. ಒಂದು ಮಾತನ್ನು ಮರೆಯಬಾರದು: ಪರಿವರ್ತಕವು ಭೂಮಿಯ ತಾಪ ಏರಿಸುವ ಕಾರ್ಬನ್ ಡೈಆಕ್ಸೈಡನ್ನು ತಗ್ಗಿಸುವುದಿಲ್ಲ. ಅದು ವಿಷವನ್ನು ಕಳೆಯುವ ಸಾಧನವೇ ಹೊರತು ಕಾರನ್ನು ನಿರ್ದೋಷಿಯಾಗಿಸುವ ಮಂತ್ರವಲ್ಲ.

ಭಾರತದಲ್ಲಿ ದೆಹಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾದದ್ದು 1995ರ ಏಪ್ರಿಲಿನಲ್ಲಿ. ಸೀಸವು ಪರಿವರ್ತಕದ ಪಾಲಿಗೆ ಮೃತ್ಯು. ಆದುದರಿಂದ ಅದೇ ದಿನದಿಂದ ಆ ನಗರಗಳಲ್ಲಿ ಸೀಸರಹಿತ ಪೆಟ್ರೋಲ್ ಮಾರಾಟವಾಯಿತು. ಅಂಥ ಕಾರು ದೂರದ ಊರಿನಲ್ಲಿ ಸೀಸದ ಪೆಟ್ರೋಲ್ ತುಂಬಿಸಿಕೊಂಡರೆ ಪರಿವರ್ತಕ ಕೆಡುತ್ತಿತ್ತು. 2000ದ ಫೆಬ್ರುವರಿಯಲ್ಲಿ ದೇಶದಾದ್ಯಂತ ಪೆಟ್ರೋಲು ಸೀಸಮುಕ್ತವಾದ ಮೇಲೆಯೇ ಆ ಭಯ ನೀಗಿತು. ಗಂಧಕದ ಪಾಲೂ ಇಳಿಯಿತು. 2017ರಲ್ಲಿ ದೇಶವ್ಯಾಪಿಯಾದ ಭಾರತ್ ಸ್ಟೇಜ್ 4ರಲ್ಲಿ ದಶಲಕ್ಷಕ್ಕೆ 50 ಭಾಗವಿದ್ದ ಮಿತಿ, 2020ರ ಭಾರತ್ ಸ್ಟೇಜ್ 6ರಲ್ಲಿ 10ಕ್ಕೆ ಬಂತು. ಹಳ್ಳಿಯ ಬಂಕಿನ ಪೆಟ್ರೋಲ್ ಶುದ್ಧವಾಗದೆ ನಗರದ ಗಾಳಿ ಶುದ್ಧವಾಗದು ಎಂಬ ಪಾಠ ಇದರಲ್ಲಿದೆ.

ಸಾವಿಗೆ ಕಾರಣ ಬೇರೆಲ್ಲೋ

ಪರಿವರ್ತಕವು ತಾನಾಗಿ ಸಾಯುವುದು ಅಪರೂಪ. ಬಹುತೇಕ ಅದನ್ನು ಕೊಲ್ಲುವುದು ಎಂಜಿನ್. ಬದಲಾವಣೆಗೆ ಹೊರಟವರು ಮೊದಲು ತಿಳಿಯಬೇಕಾದ ಸತ್ಯ ಇದೇ. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಉರಿಯದೆ ಹೋದರೆ ಹಸಿ ಪೆಟ್ರೋಲ್ ಬಂದು ಜೇನುಗೂಡಿನಲ್ಲಿ ಹೊತ್ತಿಕೊಳ್ಳುತ್ತದೆ. ಪಿಂಗಾಣಿ ಕರಗಿ ದಾರಿ ಮುಚ್ಚುತ್ತದೆ. ಎಂಜಿನ್ ಎಣ್ಣೆ ಕುಡಿಯುತ್ತಿದ್ದರೆ ಎಣ್ಣೆಯಲ್ಲಿನ ರಂಜಕ, ಸತುಗಳು ಲೋಹದ ಕಣಗಳ ಮೇಲೆ ಹೊದಿಕೆಯಾಗುತ್ತವೆ. ಕೂಲಂಟ್ ಸೋರಿ ಒಳಹೊಕ್ಕರೂ ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತಿದ್ದರೂ ಕೇಡು ತಪ್ಪದು.

ಬೆಟ್ಟದ ಊರುಗಳಲ್ಲಿ ಇನ್ನೊಂದು ರೂಢಿಯುಂಟು. ಬ್ಯಾಟರಿ ಸತ್ತ ಕಾರನ್ನು ಇಳಿಜಾರಿನಲ್ಲಿ ಉರುಳಿಸಿ ಚಾಲೂ ಮಾಡುವುದು. ಹೀಗೆ ಪದೇಪದೇ ಮಾಡಿದರೆ ಉರಿಯದ ಪೆಟ್ರೋಲ್ ಪರಿವರ್ತಕದಲ್ಲಿ ಸೇರಿಕೊಳ್ಳುತ್ತದೆ. ಬಯಲಿನ ಅಪಾಯ ನೀರಿನದು. 2005, 2019 ಹಾಗೂ 2021ರಲ್ಲಿ ಕೃಷ್ಣೆ ಉಕ್ಕಿ ಹರಿದುದನ್ನು ಈ ಸೀಮೆ ಕಂಡಿದೆ. ಕೆಂಪಗೆ ಕಾದ ಪರಿವರ್ತಕವಿರುವ ಕಾರನ್ನು ಆಳದ ನೀರಿಗೆ ಇಳಿಸಿದರೆ, ಕಾದ ಹಂಚಿನ ಮೇಲೆ ನೀರು ಸುರಿದಂತೆ ಒಳಗಿನ ಪಿಂಗಾಣಿ ಬಿರಿಯಬಹುದು.

ಏರಿನಲ್ಲಿ ಎಳೆತ ಕುಗ್ಗುವುದು, ಕಾರಿನಡಿ ಕಲ್ಲು ಅಲುಗಿದಂಥ ಸದ್ದು, ಕೊಳೆತ ಮೊಟ್ಟೆಯ ನಾತ, ಎಂಜಿನ್ ದೀಪ ಆರದೆ ಉರಿಯುವುದು, ಇವು ಲಕ್ಷಣಗಳು. ಸ್ಕ್ಯಾನರಿನಲ್ಲಿ ‘ಪಿ 0420’ ಎಂಬ ಸಂಕೇತ ಕಂಡ ಮಾತ್ರಕ್ಕೆ ಹೊಸದನ್ನು ಕೊಳ್ಳಲು ಧಾವಿಸಬಾರದು. ಕೊಳವೆಯ ಕೀಲಿನಲ್ಲಿ ಸೋರಿಕೆಯಿದ್ದರೂ ಹಿಂದಿನ ಸೆನ್ಸರ್ ಕೆಟ್ಟಿದ್ದರೂ ಅದೇ ಸಂಕೇತ ಬರಬಹುದು. ಮುಂದಿನ ಸೆನ್ಸರ್ ತೆಗೆದು ಅಲ್ಲಿ ಒತ್ತಡಮಾಪಕ ಕೂಡಿಸಿ, ಎಂಜಿನನ್ನು ನಿಮಿಷಕ್ಕೆ 2,500 ಸುತ್ತುಗಳಲ್ಲಿ ಓಡಿಸಿದಾಗ ಒತ್ತಡವು ಚದರ ಇಂಚಿಗೆ ಸುಮಾರು 3 ಪೌಂಡ್ ಮೀರಿದರೆ ದಾರಿ ಕಟ್ಟಿದೆಯೆಂದು ಅರ್ಥ. ಮೂಲದೋಷ ಸರಿಪಡಿಸದೆ ಹೊಸದನ್ನು ಕೂಡಿಸುವುದು, ತೂತು ಮುಚ್ಚದ ಕಣಜಕ್ಕೆ ಮತ್ತೆ ಕಾಳು ತುಂಬಿದಂತೆ.

ಬದಲಾಯಿಸುವ ಕ್ರಮ

ಎಂಜಿನ್ ನಿಲ್ಲಿಸಿ ಕೆಲವು ಗಂಟೆ ತಣಿಯಗೊಡಬೇಕು. ಸಮತಟ್ಟಾದ ನೆಲದಲ್ಲಿ ಕಾರನ್ನೆತ್ತಿ ಗಟ್ಟಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಿ ಅಡಿಗೆ ನುಸುಳಿದವರು ಪ್ರಾಣ ಕಳೆದುಕೊಂಡದ್ದುಂಟು. ಬ್ಯಾಟರಿಯ ಋಣ ತಂತಿಯನ್ನು ಬಿಡಿಸಿ, ತುಕ್ಕು ಹಿಡಿದ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹಾಕಿ ನೆನೆಯಬಿಡಬೇಕು. ಸೆನ್ಸರುಗಳನ್ನು ಅವುಗಳಿಗೆಂದೇ ಇರುವ ಸೀಳುಬಾಯಿಯ ಸಾಕೆಟ್ಟಿನಿಂದ ಬಿಚ್ಚಿ, ತಂತಿ ತಿರುಚದಂತೆ ಪಕ್ಕಕ್ಕಿಡಬೇಕು. ಬಳಿಕ ಬೋಲ್ಟುಗಳು, ತೂಗುರಬ್ಬರುಗಳು, ಕೊನೆಗೆ ಪರಿವರ್ತಕ. ಇತ್ತೀಚಿನ ಹಲವು ಕಾರುಗಳಲ್ಲಿ ಅದು ಎಂಜಿನಿಗೆ ಅಂಟಿಕೊಂಡಂತೆಯೇ ಇರುವುದರಿಂದ, ಆ ಕೆಲಸವನ್ನು ನುರಿತ ಕೈಗೆ ಒಪ್ಪಿಸುವುದೇ ಲೇಸು.

ಹೊಸ ಪರಿವರ್ತಕವು ಅದೇ ಮಾದರಿಗೆ, ಅದೇ ಭಾರತ್ ಸ್ಟೇಜಿಗೆ ಮಾಡಿದ್ದಾಗಿರಬೇಕು. ಅತಿ ಅಗ್ಗದ ಡಬ್ಬಿಯೊಳಗೆ ಅಮೂಲ್ಯ ಲೋಹವನ್ನು ಜಿಪುಣತನದಿಂದ ಸವರಿರುವ ಸಂಭವವಿದೆ. ಮೇಲಿನ ಬಾಣದ ಗುರುತು ಹೊಗೆ ಸಾಗುವ ದಿಕ್ಕಿಗಿರಲಿ. ಹಳೆಯ ಗ್ಯಾಸ್ಕೆಟ್ ಮತ್ತೆ ಬಳಸಬಾರದು. ಸೆನ್ಸರಿನ ಮುಂದಿನ ಕೀಲುಗಳಿಗೆ ಸಿಲಿಕೋನ್ ಅಂಟು ಹಚ್ಚಬಾರದು. ಅದರ ಆವಿ ಸೆನ್ಸರನ್ನೂ ಪರಿವರ್ತಕವನ್ನೂ ಕೆಡಿಸುತ್ತದೆ. ಎಲ್ಲ ಬೋಲ್ಟುಗಳನ್ನೂ ಕೈಯಲ್ಲಿ ಕೂಡಿಸಿ, ಅನಂತರ ಸರದಿಯಂತೆ ಬಿಗಿಯಬೇಕು. ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ ಸೋರಿಕೆ ನೋಡಬೇಕು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಅದು ಸದ್ದಿಲ್ಲದೆ ಕೊಲ್ಲುತ್ತದೆ.

ಹೊಸದಿರಲಿ, ಹಳೆಯದಿರಲಿ, ಇನ್ನೊಂದು ಎಚ್ಚರ ಸದಾ ಬೇಕು. ಓಡಿಬಂದ ಕಾರನ್ನು ಕಬ್ಬಿನ ರವದಿಯ ಮೇಲಾಗಲಿ, ಒಣಹುಲ್ಲಿನ ಮೇಲಾಗಲಿ, ಕಾಡಿನ ತರಗೆಲೆಯ ಮೇಲಾಗಲಿ ನಿಲ್ಲಿಸಬಾರದು. ಅಡಿಯಲ್ಲಿರುವುದು ನೂರಾರು ಡಿಗ್ರಿ ಕಾದ ಕೆಂಡ. ಕಾಳ್ಗಿಚ್ಚಿಗೆ ಅಷ್ಟೇ ಸಾಕು.

ಖಾಲಿ ಕೊಳವೆಯ ಲೆಕ್ಕ

ಪರಿವರ್ತಕ ತೆಗೆಸಿದರೆ ಮೈಲೇಜ್ ಏರುತ್ತದೆಂಬ ಮಾತು ಗ್ಯಾರೇಜುಗಳಲ್ಲಿ ಕೇಳಿಬರುತ್ತದೆ. ಕಟ್ಟಿಹೋದುದನ್ನು ತೆಗೆದಾಗ ಎಳೆತ ಮರಳುವುದು ನಿಜ. ಆದರೆ ಸುಸ್ಥಿತಿಯ ಹೊಸ ಪರಿವರ್ತಕ ಕೂಡಿಸಿದರೂ ಅದು ಮರಳುತ್ತದೆ. ಉಳಿದ ಹಣ ಮಾಲೀಕನ ಜೇಬಿಗೆ. ಉಳಿದ ವಿಷ ಹಿಂದೆ ಸೈಕಲ್ ತುಳಿಯುವ ಶಾಲಾಮಗುವಿನ ಎದೆಗೆ, ದಾರಿಬದಿಯ ಬೆಳೆಗೆ.

ಕಾನೂನೂ ಇದನ್ನು ಒಪ್ಪುವುದಿಲ್ಲ. 2019ರ ತಿದ್ದುಪಡಿಯ ಅನಂತರ ಮೋಟಾರು ವಾಹನ ಕಾಯಿದೆಯ 190(2)ನೆಯ ವಿಧಿಯಂತೆ ಮಾಲಿನ್ಯದ ಮಿತಿ ಮೀರಿದರೆ 10,000 ರೂಪಾಯಿಗಳವರೆಗೆ ದಂಡ, ಮೂರು ತಿಂಗಳವರೆಗೆ ಸೆರೆ ಅಥವಾ ಎರಡೂ ಆಗಬಹುದು. ಆದರೂ ತಪಾಸಣೆಯ ಚೀಟಿಯೊಂದೇ ಸಾಲದು. ಪೆಟ್ರೋಲ್ ಕಾರಿನ ಮಾಲಿನ್ಯ ತಪಾಸಣೆಯಲ್ಲಿ ಅಳೆಯುವುದು ಮುಖ್ಯವಾಗಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು. ಬೆಳೆಗೆ ಓಝೋನ್ ತರುವ ನೈಟ್ರೋಜನ್ ಆಕ್ಸೈಡನ್ನು ಆ ಯಂತ್ರ ಅಳೆಯುವುದಿಲ್ಲ. ಅದನ್ನು ಕಾಯುವುದು ಪರಿವರ್ತಕ, ಪರಿವರ್ತಕವನ್ನು ಕಾಯುವುದು ಮಾಲೀಕನ ವಿವೇಕ.

ಬಿಚ್ಚಿದ ಹಳೆಯ ಪರಿವರ್ತಕವನ್ನು ಗುಜರಿಯ ರಾಶಿಗೆ ಎಸೆಯಬಾರದು, ಒಡೆದು ನೋಡಲೂಬಾರದು. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ರೋಡಿಯಂ ಬೆಲೆ 2021ರಲ್ಲಿ ಗಗನಕ್ಕೇರಿದಾಗ ಜಗತ್ತಿನ ನಾನಾ ಕಡೆ ಕಾರಿನಡಿಯಿಂದ ಪರಿವರ್ತಕ ಕದಿಯುವುದೇ ದಂಧೆಯಾಯಿತು. ಪ್ಲಾಟಿನಂ ಗುಂಪಿನ ಲೋಹಗಳು ಜಗತ್ತಿಗೆ ಬರುವುದು ಬಹುಪಾಲು ದಕ್ಷಿಣ ಆಫ್ರಿಕಾ ಮತ್ತು ರಷ್ಯಾದ ಗಣಿಗಳಿಂದ. ಕರ್ನಾಟಕದಲ್ಲಿ ದಾವಣಗೆರೆ ಜಿಲ್ಲೆಯ ಹನುಮಲಾಪುರದ ಬಂಡೆಗಳಲ್ಲಿಯೂ ಅವುಗಳ ಇರವನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಒಂದು ಟನ್ ಒಳ್ಳೆಯ ಅದಿರಿನಲ್ಲಿ ದೊರೆಯುವುದು ಕೆಲವೇ ಗ್ರಾಂ. ಕೈಯಲ್ಲಿ ಎತ್ತಬಹುದಾದ ಒಂದು ಪರಿವರ್ತಕದಲ್ಲಿಯೂ ಇರುವುದು ಹೆಚ್ಚುಕಡಿಮೆ ಅಷ್ಟೇ. ಅಧಿಕೃತ ಮರುಬಳಕೆದಾರರಿಗೆ ರಸೀದಿ ಪಡೆದು ಒಪ್ಪಿಸಿದ ಪ್ರತಿಯೊಂದು ಹಳೆಯ ಡಬ್ಬಿಯಿಂದ ಎಲ್ಲೋ ಒಂದು ಟನ್‌ನಷ್ಟು ಬೆಟ್ಟ ಅಗೆಯುವುದು ತಪ್ಪೀತು.

ವಿದ್ಯಾರ್ಥಿ ಮಿತ್ರರು ಮನೆಗೆ ಮರಳಿ ಮಾಡಬಹುದಾದ ಕೆಲಸ ಸಣ್ಣದು. ಊರಿನ ಕಾರುಗಳಲ್ಲಿ ಎಷ್ಟರ ಎಂಜಿನ್ ದೀಪ ಆರದೆ ಉರಿಯುತ್ತಿದೆ ಎಂದು ವಿಚಾರಿಸಿರಿ. ದೀಪ ಕಂಡ ವಾರದಲ್ಲಿಯೇ ಪ್ಲಗ್ಗು ಬದಲಾಯಿಸಿದರೆ ಕೆಲವು ನೂರು ರೂಪಾಯಿಗಳಲ್ಲಿ ಮುಗಿಯುವ ಕೆಲಸ, ವರ್ಷ ತಡೆದರೆ ಹತ್ತಾರು ಸಾವಿರಕ್ಕೆ ಏರುತ್ತದೆಂದು ಹಿರಿಯರಿಗೆ ತಿಳಿಸಿರಿ. ಹೊಲದ ಬೆಳೆಗೆ ರೋಗ ಬಂದಾಗ ಮೊದಲ ಎಲೆಯಲ್ಲಿಯೇ ಗುರುತಿಸುವ ರೈತನಿಗೆ ಈ ಮಾತು ಹೊಸದಲ್ಲ.