ತಿದ್ದುವುದೂ ಮುಂದುವರಿಯುವುದೂ

(ಬಾನುಲಿ ಭಾಷಣ)

ಯಾವ ಕೆಲಸ ಮಾಡಿದರೂ ಅದರಲ್ಲಿ ಎಳ್ಳಷ್ಟೂ ಕುಂದಿರಬಾರದು ಎಂದು ಮೂವತ್ತು ವರ್ಷಗಳ ಕಾಲ ನಾನು ತರಗತಿಯಲ್ಲಿ ಹೇಳುತ್ತ ಬಂದೆ. ವಿದ್ಯಾರ್ಥಿಗಳು ಅದನ್ನು ಎಷ್ಟರಮಟ್ಟಿಗೆ ನಂಬಿದರೋ ಅರಿಯೆ; ನಾನಂತೂ ಪೂರ್ತಿಯಾಗಿ ನಂಬಿದೆ. ಆ ನಂಬಿಕೆಗೆ ತೆತ್ತ ಬೆಲೆಯನ್ನು ನಿವೃತ್ತನಾದ ಮೇಲೆ ಲೆಕ್ಕ ಹಾಕುತ್ತಿದ್ದೇನೆ. ಆ ಲೆಕ್ಕವನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ.

1983ರಲ್ಲಿ, ಎಂ.ಎ. ಮುಗಿಸಿದ ಹೊಸತರಲ್ಲಿ, ನಮ್ಮ ಸೀಮೆಯ ಬೇಸಾಯದ ಮಾತುಗಳನ್ನು ಕಲೆಹಾಕಿ ಒಂದು ಪದಕೋಶ ರಚಿಸಬೇಕೆಂಬ ಆಸೆ ನನ್ನಲ್ಲಿ ಮೂಡಿತು. ಕೂರಿಗೆ, ಕುಂಟೆ, ಅಕ್ಕಡಿ, ಮೆದೆ, ಮೇಟಿ, ಹಗೇವು ಇವೆಲ್ಲ ನನ್ನ ಸೋದರತ್ತೆಯ ನಾಲಗೆಯ ಮೇಲೆ ಸಲೀಸಾಗಿ ಓಡಾಡುತ್ತಿದ್ದ ಮಾತುಗಳು. ರಜೆಯಲ್ಲಿ ಊರಿಗೆ ಹೋದಾಗ ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದೆ. ಅವರು ಬೇಸರವಿಲ್ಲದೆ ಹೇಳುತ್ತಿದ್ದರು. ಬರೆದಿಡುವ ಕೆಲಸ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು. ಪ್ರತಿಯೊಂದು ಪದಕ್ಕೂ ನಿಷ್ಪತ್ತಿ ಬೇಕು, ಶಾಸನಗಳಲ್ಲಿ ಪ್ರಯೋಗ ದೊರೆಯಬೇಕು, ತಮಿಳು ತೆಲುಗುಗಳ ಜ್ಞಾತಿಪದ ತಿಳಿಯಬೇಕು. ಆಮೇಲಲ್ಲವೆ ಚೀಟಿ ಬರೆಯುವುದು? ಅರೆಕೊರೆಯಾಗಿ ಬರೆದರೆ ವಿದ್ವತ್ತಿಗೆ ಅಪಚಾರವೆಂದು ಭಾವಿಸಿದ್ದೆ. ಮೊದಮೊದಲು ಬರೆದ ಕೆಲವು ಚೀಟಿಗಳನ್ನು ತೃಪ್ತಿಯಾಗಲಿಲ್ಲವೆಂದು ಹರಿದುಹಾಕಿದ್ದೂ ಉಂಟು.

"ಏನೋ, ನಾನು ಹೇಳಿದ್ದೆಲ್ಲ ಬರೆದುಕೊಂಡೆಯೇನೋ?" ಎಂದು ಅತ್ತೆ ಕೇಳುತ್ತಿದ್ದರು. "ಇನ್ನೂ ಸಿದ್ಧತೆ ನಡೀತಿದೆ ಅತ್ತೆ" ಎನ್ನುತ್ತಿದ್ದೆ. ಸಿದ್ಧತೆ ಹದಿನಾರು ವರ್ಷ ನಡೆಯಿತು. 1999ರಲ್ಲಿ ಅತ್ತೆ ತೀರಿಕೊಂಡರು.

ಹಗೇವು ಎಂದರೆ ನೆಲದಡಿಯಲ್ಲಿ ಧಾನ್ಯ ತುಂಬಿಡುವ ಕುಳಿ. ಅದರ ಬಾಯಿ ತೆರೆದ ಕೂಡಲೇ ಒಳಗೆ ಇಳಿಯುವಂತಿಲ್ಲ. ಕೆಟ್ಟ ಗಾಳಿ ತುಂಬಿರುತ್ತದೆ. ಇಳಿದವನ ಉಸಿರು ಕಟ್ಟೀತು. ಅದು ಹೊರಗೆ ಹೋಗುವವರೆಗೆ ಕಾಯಬೇಕು. ಹಾಗೆ ಕಾಯುವುದಕ್ಕೆ ಅತ್ತೆ ಒಂದೇ ಒಂದು ಪದವನ್ನು ಬಳಸುತ್ತಿದ್ದರು. ಕೇಳಿ ಬೆರಗಾಗಿದ್ದೆ. ಇಂದು ಅದು ನನಗೆ ನೆನಪಿಲ್ಲ. ಊರಿನಲ್ಲಿ ವಿಚಾರಿಸಿದೆ, ಹಗೇವುಗಳೇ ಮುಚ್ಚಿಹೋಗಿರುವಾಗ ಹೇಳುವವರು ಯಾರು? ನಿಷ್ಪತ್ತಿಯಿಲ್ಲದ, ಕಾಗುಣಿತ ತಪ್ಪಿದ ಒಂದು ಚೀಟಿ ಇದ್ದಿದ್ದರೂ ಆ ಪದ ಉಳಿಯುತ್ತಿತ್ತು.

ಹಿರಿಯರು ಕೆಲಸ ಮಾಡಿದ ಬಗೆಯೇ ಬೇರೆ. ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾಯಿತು. ಅದನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ ಸಂಪುಟಗಳು ಮದರಾಸು ವಿಶ್ವವಿದ್ಯಾನಿಲಯದಿಂದ ಹೊರಬಂದದ್ದು 1968ರಿಂದ 1971ರ ಅವಧಿಯಲ್ಲಿ. ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲನೆಯ ಸಂಪುಟ 1907ರಲ್ಲಿ ಬಂದಿತು. ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ. ನಡುವೆ 1924ರಲ್ಲಿ ಮೊದಲನೆಯ ಸಂಪುಟವನ್ನೇ ತಿದ್ದಿ ಮತ್ತೆ ಅಚ್ಚು ಹಾಕಿಸಿದರು. ಎಲ್ಲ ಕವಿಗಳ ಕಾಲವೂ ನಿಶ್ಚಯವಾಗಲಿ ಎಂದು ಅವರು ಕಾದಿದ್ದರೆ ಮೊದಲನೆಯ ಸಂಪುಟವೂ ಹೊರಬರುತ್ತಿರಲಿಲ್ಲ. ಕೆಲವು ಕವಿಗಳ ಕಾಲದ ಚರ್ಚೆ ಇಂದಿಗೂ ಮುಗಿದಿಲ್ಲ. ಈ ಇಸವಿಗಳನ್ನು ನಾನೇ ವಿದ್ಯಾರ್ಥಿಗಳಿಗೆ ಬರೆಸಿದ್ದೇನೆ. ಅವುಗಳ ನಡುವಣ ಅಂತರದ ಅರ್ಥ ಮಾತ್ರ ನನಗೆ ಹೊಳೆದಿರಲಿಲ್ಲ.

ಹಾಗಾದರೆ ಹೇಗೋ ಒಂದು ಬಗೆಯಾಗಿ ಮಾಡಿ ಮುಗಿಸುವುದೇ ಸರಿಯೆ ಎಂದು ತಾವು ಕೇಳಬಹುದು. ಖಂಡಿತ ಅಲ್ಲ. ಅಚ್ಚುಕಟ್ಟಿಲ್ಲದ ಕೆಲಸವನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ಅಚ್ಚುಕಟ್ಟು ಮಾಡಿದ ಕೆಲಸಕ್ಕೆ ಬರುವ ಗುಣವೇ ಹೊರತು, ಮಾಡದೆ ಉಳಿದ ಕೆಲಸಕ್ಕೆ ಬರುವ ಗುಣವಲ್ಲ. ತಿದ್ದುವುದಕ್ಕಾದರೂ ಮೊದಲು ಒಂದು ಬರಹವಿರಬೇಕು. ನನ್ನ ಮನಸ್ಸನ್ನು ಒರೆಗೆ ಹಚ್ಚಿ ನೋಡಿಕೊಂಡಾಗ ಇನ್ನೊಂದು ಸಂಗತಿಯೂ ಹೊರಬಿದ್ದಿತು. ನನ್ನನ್ನು ತಡೆದದ್ದು ವಿದ್ಯೆಯ ಮೇಲಿನ ಗೌರವಕ್ಕಿಂತ ಹೆಚ್ಚಾಗಿ, ಯಾರಾದರೂ ತಪ್ಪು ಕಂಡುಹಿಡಿದಾರು ಎಂಬ ಅಳುಕು. ಅದು ವಿನಯದ ವೇಷ ತೊಟ್ಟ ಅಭಿಮಾನ.

ಈಗ ದಿನಕ್ಕೆ ಎರಡು ಚೀಟಿ ಬರೆಯುತ್ತೇನೆ, ಹೆಚ್ಚಿಲ್ಲ. ತಿಳಿಯದ ಕಡೆ ಪ್ರಶ್ನೆಯ ಗುರುತು ಹಾಕಿ ಮುಂದಕ್ಕೆ ಹೋಗುತ್ತೇನೆ. ಭಾನುವಾರ ಹಳೆಯ ಚೀಟಿಗಳನ್ನು ತೆಗೆದು ತಿದ್ದುತ್ತೇನೆ. ಕೆಲವು ಪ್ರಶ್ನೆಗಳು ತಾವಾಗಿಯೇ ಬಿಡಿಸಿಕೊಂಡಿವೆ. ಕೆಲವು ಹಾಗೆಯೇ ಇವೆ. ಕಿಟ್ಟೆಲ್ ಅವರ ಪಕ್ಕದಲ್ಲಿ ಇಟ್ಟು ನೋಡಿದರೆ ನನ್ನದು ಏನೂ ಅಲ್ಲ. ಕಳೆದ ವರ್ಷದ ನನ್ನ ಪೆಟ್ಟಿಗೆಯ ಪಕ್ಕದಲ್ಲಿ ಇಟ್ಟು ನೋಡಿದರೆ ಒಂದಿಷ್ಟು ಬೆಳೆದಿದೆ. ಈ ವಯಸ್ಸಿನಲ್ಲಿ ನನಗೆ ಆ ಅಳತೆ ಸಾಕು.

ಹಗೇವು ಎಂಬ ಪದಕ್ಕೂ ಚೀಟಿ ಬರೆದಿದ್ದೇನೆ. ಅದರ ಕೊನೆಯ ಸಾಲು ಖಾಲಿಯಿದೆ. ಕೇಳುತ್ತಿರುವ ಹಿರಿಯರಲ್ಲಿ ಯಾರಿಗಾದರೂ ಆ ಪದ ನೆನಪಿದ್ದರೆ, ಸರಿಯೋ ತಪ್ಪೋ ಎಂದು ಅನುಮಾನಿಸದೆ, ಮನೆಯ ಮಕ್ಕಳ ಕೈಯಲ್ಲಿ ಈಗಲೇ ಬರೆಯಿಸಿಡಿ. ತಿದ್ದುವುದು ಆಮೇಲೆ ಇದ್ದೇ ಇದೆ.